ಜೋಳದ ರೊಟ್ಟಿಯ ತಾಟಿಗೆ ಇನ್ನಷ್ಟು ಬಗೆ: ಕಲಬುರಗಿ ಸೀಮೆಯ ಅಡುಗೆಮನೆಗೆ ಸಮಗ್ರ ಮಾರ್ಗದರ್ಶಿ

ಚಿಯಾ ಬೀಜ, ಕಿನೋವಾ, ಕೇಲ್ ಸೊಪ್ಪು ಎಂದು ಆನ್‌ಲೈನ್‌ನಲ್ಲಿ ದುಬಾರಿ ಪೊಟ್ಟಣ ತರಿಸುವ ಮೊದಲು ಮನೆಯ ಡಬ್ಬಿಗಳನ್ನು ಒಮ್ಮೆ ತೆಗೆದು ನೋಡಿ. ಚಿಯಾ ಹೆಸರಾಗಿರುವುದು ಒಮೆಗಾ-3 ಕೊಬ್ಬಿಗೆ. ಅದು 100 ಗ್ರಾಂ ಚಿಯಾದಲ್ಲಿ ಸುಮಾರು 18 ಗ್ರಾಂ ಇದ್ದರೆ, ಅಷ್ಟೇ ತೂಕದ ಅಗಸಿಯಲ್ಲಿ 22 ಗ್ರಾಂ ಇದೆ. ಸಜ್ಜೆಯಲ್ಲಿ ಕಬ್ಬಿಣ ಜೋಳಕ್ಕಿಂತ ಹೆಚ್ಚು. ಸಿಪ್ಪೆ ತೆಗೆಯದ ಎಳ್ಳಿನ 100 ಗ್ರಾಂನಲ್ಲಿ 1000 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಇವೆಲ್ಲ ಕಲಬುರಗಿ, ಬೀದರ್, ಯಾದಗಿರಿಯ ಯಾವುದೇ ಸಂತೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತವೆ.

ಪದಾರ್ಥಕ್ಕೆ ಕೊರತೆಯಿಲ್ಲ. ಕಡಿಮೆಯಾಗಿರುವುದು ಬಗೆ. ಬೇಳೆ ಎಂದರೆ ತೊಗರಿ ಮಾತ್ರ, ಪಲ್ಯ ಎಂದರೆ ಬದನೆಕಾಯಿ ಅಥವಾ ಆಲೂಗಡ್ಡೆ, ಹಿಂಡಿ (ಚಟ್ನಿಪುಡಿ) ಎಂದರೆ ಶೇಂಗಾ, ಹಣ್ಣು ಎಂದರೆ ಬಾಳೆಹಣ್ಣು. ರಾತ್ರಿಗೆ ಅನ್ನ. ಊಟದ ಪದ್ಧತಿಯನ್ನು ಬದಲಿಸದೆ, ರೊಟ್ಟಿ-ಪಲ್ಯ-ಬೇಳೆ-ಹಿಂಡಿಯ ಅದೇ ತಾಟಿನೊಳಗೆ ಬಗೆಗಳನ್ನು ಹೆಚ್ಚಿಸುವ ಕ್ರಮ ಇಲ್ಲಿದೆ.

ಮೊದಲು ಒಂದು ವಾರದ ಲೆಕ್ಕ

ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ ಐದು ಸಾಲು ಎಳೆಯಿರಿ: ಧಾನ್ಯ, ಬೇಳೆ-ಕಾಳು, ತಪ್ಪಲು (ಸೊಪ್ಪಿನ) ಪಲ್ಯ, ಎಣ್ಣೆಬೀಜ, ಹಣ್ಣು. ಆ ವಾರ ಹೊಸದೊಂದು ತಾಟಿಗೆ ಬಂದಾಗ ಮಾತ್ರ ಅದರ ಹೆಸರು ಬರೆಯಿರಿ. ತೊಗರಿ ಏಳು ದಿನ ಬಂದರೂ ಒಂದೇ ಸಲ. ವಾರದ ಕೊನೆಗೆ ಧಾನ್ಯದಲ್ಲಿ 3, ಕಾಳಿನಲ್ಲಿ 4, ತಪ್ಪಲಿನಲ್ಲಿ 4, ಎಣ್ಣೆಬೀಜದಲ್ಲಿ 3, ಹಣ್ಣಿನಲ್ಲಿ 3 ಹೆಸರಿದ್ದರೆ ಸಾಕಷ್ಟು ಚೆನ್ನಾಗಿದೆ. ಕಾಳಿನ ಮತ್ತು ತಪ್ಪಲಿನ ಸಾಲಿನಲ್ಲಿ ಒಂದೊಂದೇ ಹೆಸರು ಕಂಡರೆ ಗಾಬರಿ ಬೇಡ. ಬಹಳ ಮನೆಗಳ ಹಾಳೆ ಹಾಗೆಯೇ ಇರುತ್ತದೆ.

ಪ್ರಮಾಣಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದು ಹೇಳುವುದು: ಧಾನ್ಯ 250 ಗ್ರಾಂ, ಬೇಳೆ-ಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೀಜಗಳು 35 ಗ್ರಾಂ, ಎಣ್ಣೆ-ಕೊಬ್ಬು 27 ಗ್ರಾಂ, ಹಾಲು-ಮೊಸರು 300 ಮಿಲಿ. ಮೊಟ್ಟೆ, ಮಾಂಸ ತಿನ್ನುವವರಿಗೆ ಬೇಳೆಯ ಪಾಲಿನಲ್ಲೇ ಅವೂ ಸೇರುತ್ತವೆ. ನಮ್ಮ ಕಡೆಯ ಊಟದಲ್ಲಿ ಧಾನ್ಯ ಈ ಲೆಕ್ಕವನ್ನು ಸುಲಭವಾಗಿ ದಾಟುತ್ತದೆ, ತರಕಾರಿ ಅರ್ಧಕ್ಕೂ ಬರುವುದಿಲ್ಲ.

ಐದನ್ನೂ ಒಂದೇ ದಿನ ಬದಲಿಸಬೇಡಿ. ನಾರು ಒಮ್ಮೆಗೇ ಹೆಚ್ಚಾದರೆ ಹೊಟ್ಟೆ ಉಬ್ಬುತ್ತದೆ, ಮನೆಯವರು ಮೂರನೇ ದಿನಕ್ಕೆ "ಮೊದಲಿಂದೇ ಮಾಡು" ಎನ್ನುತ್ತಾರೆ. ಹಿಂಡಿಯಿಂದ ಶುರು ಮಾಡಿ. ತಾಟಿನ ಅಂಚಿಗೆ ಒಂದು ಚಮಚ ಹೆಚ್ಚು ಬಿದ್ದರೆ ಯಾರೂ ತಕರಾರು ತೆಗೆಯುವುದಿಲ್ಲ. ಆಮೇಲೆ ಕಾಳು, ತಪ್ಪಲು, ಹಣ್ಣು. ಹಿಟ್ಟು ಕೊನೆಗೆ, ಏಕೆಂದರೆ ರೊಟ್ಟಿಯ ರುಚಿಯಲ್ಲಿ ಕೈ ಇಟ್ಟರೆ ಮನೆಯಲ್ಲಿ ಮಾತು ಬರುವುದು ಖಚಿತ. ಒಂದೊಂದು ಹಂತಕ್ಕೆ ಒಂದು ವಾರವಾದರೂ ಕೊಡಿ.

ಹಂತ 1: ಹಿಂಡಿಯ ಡಬ್ಬಿ ಒಂದರಿಂದ ಮೂರಕ್ಕೆ

ಅಗಸಿ, ಗುರೆಳ್ಳು (ಹುಚ್ಚೆಳ್ಳು), ಎಳ್ಳು ಮೂರನ್ನೂ ಸೇರಿಸಿ ಒಂದೇ ಹಿಂಡಿ ಮಾಡುವ ಆಸೆ ಬೇಡ. ಹುರಿಯುವ ಹೊತ್ತು ಬೇರೆ ಬೇರೆ. ಎಳ್ಳು ಸಣ್ಣ ಉರಿಯಲ್ಲಿ 2–3 ನಿಮಿಷಕ್ಕೆ ಆಗುತ್ತದೆ, ಅಗಸಿಗೆ 5–6 ನಿಮಿಷ ಬೇಕು. ಒಟ್ಟಿಗೆ ಹಾಕಿದರೆ ಎಳ್ಳು ಕರಕಲಾಗುತ್ತದೆ, ಇಲ್ಲವೆ ಅಗಸಿ ಹಸಿ ಉಳಿಯುತ್ತದೆ.

ಅಗಸಿ ಹಿಂಡಿಗೆ ಬೇಕಾದದ್ದು: ಅಗಸಿ 200 ಗ್ರಾಂ, ಒಣ ಬ್ಯಾಡಗಿ ಮೆಣಸಿನಕಾಯಿ 10–12, ಬೆಳ್ಳೊಳ್ಳಿ 12–15 ಎಸಳು, ಜೀರಿಗೆ 1 ಚಮಚ, ಕರಿಬೇವು ಒಂದು ಹಿಡಿ, ಸ್ವಲ್ಪ ಹುಣಸೆಹಣ್ಣು, ಉಪ್ಪು 10 ಗ್ರಾಂ (ಮಟ್ಟಸವಾಗಿ 2 ಸಣ್ಣ ಚಮಚ).

ಮೊದಲು ಅಗಸಿಯನ್ನು ಮೊರದಲ್ಲಿ ಕೇರಿ ಮಣ್ಣು ತೆಗೆಯಿರಿ. ತೊಳೆಯಬೇಡಿ. ನೀರು ತಾಗಿದರೆ ಸಿಪ್ಪೆಯ ಲೋಳೆ ಬಿಟ್ಟು ಕಾಳೆಲ್ಲ ಒಂದಕ್ಕೊಂದು ಅಂಟುತ್ತದೆ. ದಪ್ಪ ತಳದ ಬಾಣಲೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ ಅಗಸಿ ಹಾಕಿ, ಕೈ ಬಿಡದೆ ಆಡಿಸಿ. ಎರಡನೇ ನಿಮಿಷಕ್ಕೆ ಚಟಪಟ ಶುರುವಾಗುತ್ತದೆ. ಆ ಸದ್ದು ಜೋರಾಗಿ ಮತ್ತೆ ಇಳಿಯುವ ಹೊತ್ತಿಗೆ ಆಗಿರುತ್ತದೆ. ಒಂದೆರಡು ಕಾಳು ಆರಿಸಿ ಹಲ್ಲಿಗೆ ಕಚ್ಚಿ ನೋಡಿ: ಕಟಕ್ ಎಂದು ಒಡೆದರೆ ಇಳಿಸಿ, ಹಲ್ಲಿಗೆ ಅಂಟಿದರೆ ಇನ್ನೊಂದು ನಿಮಿಷ. ತಕ್ಷಣ ಅಗಲ ತಾಟಿಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ತಳದ ಬಿಸಿಗೆ ಕಹಿಯಾಗುತ್ತದೆ.

ಅದೇ ಬಾಣಲೆಯಲ್ಲಿ ಮೆಣಸಿನಕಾಯಿ, ಕರಿಬೇವು, ಜೀರಿಗೆ, ಕೊನೆಗೆ ಹುಣಸೆ ಮತ್ತು ಬೆಳ್ಳೊಳ್ಳಿಯನ್ನು ಪಸೆ ಹೋಗುವಂತೆ ಬಿಸಿ ಮಾಡಿ. ಬೆಳ್ಳೊಳ್ಳಿಯ ಪಸೆ ಉಳಿದರೆ ಹಿಂಡಿ ವಾರದೊಳಗೆ ಕೆಡುತ್ತದೆ. ಎಲ್ಲ ಪೂರ್ತಿ ಆರಿದ ಮೇಲೆ ಮೊದಲು ಖಾರ-ಉಪ್ಪು ಪುಡಿ ಮಾಡಿ, ಅಗಸಿಯನ್ನು ಕೊನೆಗೆ ಹಾಕಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಜಾರು ಕಾದು ಎಣ್ಣೆ ಬಿಡುತ್ತದೆ, ಹಿಂಡಿ ಉಂಡೆಗಟ್ಟುತ್ತದೆ. ಒಳಕಲ್ಲು ಇದ್ದ ಮನೆಯಲ್ಲಿ ಈ ತೊಂದರೆಯೇ ಇಲ್ಲ.

ಪುಡಿ ಮಾಡದೆ ಇಡೀ ಅಗಸಿ ತಿಂದರೆ ಬಹುಪಾಲು ಜೀರ್ಣವಾಗದೆ ಹಾಗೆಯೇ ಹೊರಗೆ ಹೋಗುತ್ತದೆ. ಆದರೆ ಪುಡಿಯಾದ ಮೇಲೆ ಅದರ ಎಣ್ಣೆ ಗಾಳಿಗೆ ಬೇಗ ಕೆಡುತ್ತದೆ. ಬಣ್ಣ ಬಳಿಯುವ ಕೆಲಸಕ್ಕೆ ಬಳಸುವುದು ಇದೇ ಅಗಸಿ ಎಣ್ಣೆಯನ್ನು. ಡಬ್ಬಿ ತೆಗೆದಾಗ ಬಣ್ಣದ ವಾಸನೆ ಬಂದರೆ ಚೆಲ್ಲಿಬಿಡಿ. ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಹೊರಗಿಟ್ಟ ಹಿಂಡಿಗೆ ಒಂದು ವಾರ ಲೆಕ್ಕ ಹಿಡಿಯಿರಿ, ಫ್ರಿಜ್‌ನಲ್ಲಿ ಎರಡು-ಮೂರು ವಾರ. ಚಳಿಗಾಲಕ್ಕೂ 200 ಗ್ರಾಂಗಿಂತ ಹೆಚ್ಚು ಅಗಸಿ ಒಮ್ಮೆಗೇ ಪುಡಿ ಮಾಡಬೇಡಿ.

ದೊಡ್ಡವರಿಗೆ ದಿನಕ್ಕೆ 10 ಗ್ರಾಂ, ಅಂದರೆ ಉಬ್ಬಿ ತುಂಬಿದ ಎರಡು ಸಣ್ಣ ಚಮಚ ಅಗಸಿ ಹಿಂಡಿ ಸಾಕು. ಅದರಲ್ಲಿ ಉಪ್ಪು ಅರ್ಧ ಗ್ರಾಂನೊಳಗೇ ಇರುತ್ತದೆ. ಜೊತೆಗೆ ನೀರು ಚೆನ್ನಾಗಿ ಕುಡಿಯಬೇಕು, ಇಲ್ಲದಿದ್ದರೆ ಮಲಬದ್ಧತೆ ಬಿಡಿಸುವ ಪದಾರ್ಥವೇ ಮಲಬದ್ಧತೆ ತರುತ್ತದೆ. ಹಿಂಡಿಯ ನಡುವೆ ಗುಂಡಿ ಮಾಡಿ ಹಸಿ ಎಣ್ಣೆ ಸುರಿಯುವ ರೂಢಿಯನ್ನು ಕಡಿಮೆ ಮಾಡಿ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ಗಟ್ಟಿ ಮೊಸರಿನಲ್ಲಿ ಕಲಸಿದರೆ ರುಚಿಗೂ ಮೋಸವಿಲ್ಲ.

ಗುರೆಳ್ಳಿಗೂ ಇದೇ ವಿಧಾನ. ಅದು ಕಪ್ಪಗಿರುವುದರಿಂದ ಹೊತ್ತಿದ್ದು ಕಣ್ಣಿಗೆ ಕಾಣುವುದಿಲ್ಲ, ಮೂಗಿನ ಮೇಲೆ ನಂಬಿಕೆ ಇಡಬೇಕು. ಕಂಪು ಬಂದ ಕೂಡಲೇ ಇಳಿಸಿ. ವಾರದಲ್ಲಿ ಮೂರು ದಿನ ಅಗಸಿ, ಎರಡು ದಿನ ಗುರೆಳ್ಳು, ಎರಡು ದಿನ ಶೇಂಗಾ ಎಂದು ಹಂಚಿದರೆ ಎಣ್ಣೆಬೀಜದ ಸಾಲು ತುಂಬಿತು. ಎಳ್ಳು ರೊಟ್ಟಿಯ ಮೇಲೆ ಬರಲಿ.

ಹಂತ 2: ತೊಗರಿಗೆ ಜೊತೆಗಾರರು

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಅದರ ರುಚಿಯ ಬಗ್ಗೆ ಇಲ್ಲಿ ಹೇಳುವ ಅಗತ್ಯವಿಲ್ಲ. ಅದನ್ನು ಬಿಡಿ ಎಂದೂ ಹೇಳುತ್ತಿಲ್ಲ. ವಾರದ ಏಳು ದಿನದಲ್ಲಿ ನಾಲ್ಕು ದಿನ ತೊಗರಿ ಇರಲಿ, ಮೂರು ದಿನ ಮಡಕಿ, ಇಡಿ ಹೆಸರು, ಹುರಳಿ, ಅಲಸಂದಿ, ಕಡಲೆ ಸರದಿಯಲ್ಲಿ ಬರಲಿ. ಇಡಿ ಕಾಳಿನಲ್ಲಿ ಸಿಪ್ಪೆ ಇರುವುದರಿಂದ ಬೇಳೆಗಿಂತ ನಾರು ಹೆಚ್ಚು.

ಪ್ರಮಾಣದಲ್ಲೇ ಜನ ಎಡವುವುದು. ಒಂದು ವಾಟಿ ಗಟ್ಟಿ ಬೇಳೆಗೆ ಸುಮಾರು 30 ಗ್ರಾಂ ಒಣ ಬೇಳೆ ಹೋಗಿರುತ್ತದೆ. ನೀರಾಗಿ ಮಾಡಿದ ಸಾರಿನ ಒಂದು ವಾಟಿಯಲ್ಲಿ 10 ಗ್ರಾಂ ಇದ್ದರೆ ಹೆಚ್ಚು. 85 ಗ್ರಾಂ ಮುಟ್ಟಲು ಎರಡು ಹೊತ್ತು ಗಟ್ಟಿ ಬೇಳೆ, ಒಂದು ಹೊತ್ತು ಉಸುಳಿ ಬೇಕು. ಸಾರು ಮಾತ್ರ ಉಣ್ಣುವವರು "ದಿನಾ ಬೇಳೆ ತಿಂತೀವಿ" ಎಂದುಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ.

ಮಡಕಿ ಮೊಳಕೆಗೆ: ಒಂದು ವಾಟಿ ಕಾಳನ್ನು ಆರಿಸಿ, ಮೂರು ವಾಟಿ ನೀರಿನಲ್ಲಿ 8 ತಾಸು ನೆನೆಹಾಕಿ. ನೀರು ಬಸಿದು, ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ತೂತಿನ ಬುಟ್ಟಿಯಲ್ಲಿಡಿ. ಬೇಸಿಗೆಯಲ್ಲಿ 10–12 ತಾಸಿಗೆ, ಚಳಿಗಾಲದಲ್ಲಿ 24 ತಾಸಿಗೆ ಮೊಳಕೆ ಬರುತ್ತದೆ. ಅರ್ಧ ಇಂಚು ಆದರೆ ಸಾಕು. ಒಂದು ವಾಟಿ ಕಾಳು ಎರಡು ವಾಟಿಗೂ ಮಿಕ್ಕಿ ಆಗುತ್ತದೆ. 40 ಡಿಗ್ರಿ ದಾಟಿದ ದಿನಗಳಲ್ಲಿ ಕಾಳು ಲೋಳೆಯಾಗಿ ಹುಳಿ ವಾಸನೆ ಹೊಡೆಯುವುದೇ ದೊಡ್ಡ ಸಮಸ್ಯೆ. ಕಾರಣ ಎರಡು: ಗಂಟು ಬಿಗಿಯಾಗಿ ಗಾಳಿ ಆಡದಿರುವುದು, ಬುಟ್ಟಿಯ ತಳದಲ್ಲಿ ನೀರು ನಿಲ್ಲುವುದು. ಐದು ತಾಸಿಗೊಮ್ಮೆ ತಣ್ಣೀರಿನಲ್ಲಿ ಜಾಲಾಡಿ ಮತ್ತೆ ಕಟ್ಟಿ. ವಾಸನೆ ಬಂದದ್ದನ್ನು ತೊಳೆದು ಬಳಸುವ ಪ್ರಯತ್ನ ಬೇಡ. ಸಣ್ಣ ಮಕ್ಕಳು, ಬಸುರಿಯರು, ವಯಸ್ಸಾದವರಿಗೆ ಮೊಳಕೆಯನ್ನು ಹಸಿ ಕೊಡಬೇಡಿ, ಬೇಯಿಸಿ ಉಸುಳಿ ಮಾಡಿಯೇ ಕೊಡಿ. ಮೊಳಕೆ ಬರುವ ಬಿಸಿ-ಒದ್ದೆ ವಾತಾವರಣ ರೋಗಾಣುಗಳಿಗೂ ಹಿಡಿಸುತ್ತದೆ.

ಬೋರಿನ ಗಡಸು ನೀರಿನಲ್ಲಿ ಕಾಳು ಬೇಯುವುದೇ ಇಲ್ಲ ಎಂಬ ದೂರು ಊರೂರಲ್ಲಿದೆ. ನೀರಿನ ಕ್ಯಾಲ್ಸಿಯಂ ಸಿಪ್ಪೆಯನ್ನು ಬಿಗಿಯಾಗಿಸುತ್ತದೆ. ಅದಕ್ಕೆ ಚಿಟಿಕೆ ಸೋಡಾ ಹಾಕುವುದು ಸುಲಭ ದಾರಿ, ಆದರೆ ಸೋಡಾ ಬಿ1 ವಿಟಮಿನ್ನನ್ನು ಹಾಳು ಮಾಡುತ್ತದೆ. ಅದರ ಬದಲು ಫಿಲ್ಟರ್ ನೀರು ಬಳಸಿ, ತೊಗರಿಬೇಳೆಯನ್ನು ಅರ್ಧ ತಾಸು, ಹುರಳಿಯನ್ನು 10–12 ತಾಸು ನೆನೆಸಿ. ಹುರಳಿಯ ಕಟ್ಟನ್ನು ಚೆಲ್ಲದೆ ಸಾರು ಮಾಡಿ, ಕಾಳನ್ನು ಪಲ್ಯ ಮಾಡಿ.

ಡಿಸೆಂಬರ್–ಜನವರಿಯಲ್ಲಿ ಹಸಿ ತೊಗರಿಕಾಯಿ, ಹಸಿ ಕಡಲೆ ಬಂದಾಗ ಒಣ ಕಾಳಿನ ಮಾತೇ ಬೇಡ. ಮುಂದೆ ಸೀತನಿ ಸಿಗುವ ದಿನಗಳಲ್ಲಿ ಸಂಜೆಯ ಮಿರ್ಚಿ ಭಜಿಯ ಜಾಗಕ್ಕೆ ಅದನ್ನು ತನ್ನಿ. ಎಳೆ ಜೋಳದ ಜೊತೆ ಗುರೆಳ್ಳು ಹಿಂಡಿ ಎಂದರೆ ಸಂಜೆಯ ತಿಂಡಿಗೆ ಬೇರೆ ಏನೂ ಬೇಡ.

ಹಂತ 3: ತಪ್ಪಲು ಪಲ್ಯ

ಈ ಸೀಮೆಯ ನಿಜವಾದ ಸಂಪತ್ತು ಇಲ್ಲಿದೆ, ಮತ್ತು ಕೈಬಿಟ್ಟುಹೋಗುತ್ತಿರುವುದೂ ಇದೇ. ಸಂತೆಯಲ್ಲಿ ಮೆಂತೆ, ಪಾಲಕ ಮಾತ್ರ ಕೊಂಡು ಬರಬೇಡಿ. ಮುಂಗಾರಿಗೆ ರಾಜಗಿರಿ, ಪುಂಡಿ, ಗೋಳಿ. ಚಳಿಗಾಲಕ್ಕೆ ಮೆಂತೆ, ಸಬ್ಬಸಗಿ, ಹತ್ತರಕಿ, ಕುಸುಬಿ ತಪ್ಪಲು, ಕಡಲೆ ಕುಡಿ. ಬೇಸಿಗೆಗೆ ಹುಣಸೆ ಚಿಗುರು, ನುಗ್ಗೆ. ಹತ್ತರಕಿಯನ್ನು ಚೆನ್ನಾಗಿ ತೊಳೆದು ಹಸಿಯಾಗಿಯೇ ರೊಟ್ಟಿ, ಮೊಸರು, ಶೇಂಗಾ ಹಿಂಡಿಯ ಜೊತೆ ತಿನ್ನಬಹುದು, ಗ್ಯಾಸ್ ಹಚ್ಚುವುದೂ ಬೇಡ.

ಕಡಲೆ ಕುಡಿಯ ಬಗ್ಗೆ ಒಂದು ಎಚ್ಚರಿಕೆ. ಹೂ ಬಿಡುವ ಮೊದಲು ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ, ರೈತರಿಗೂ ಲಾಭ. ಆದರೆ ಕಾಯಿಕೊರಕ ಹುಳಕ್ಕೆ ಎಣ್ಣೆ (ಕೀಟನಾಶಕ) ಹೊಡೆದ ಹೊಲದ ಕುಡಿ ತಿನ್ನುವಂತಿಲ್ಲ. ಯಾವ ಹೊಲದ್ದು, ಯಾವಾಗ ಹೊಡೆದದ್ದು ಎಂದು ಕೇಳಿಯೇ ತನ್ನಿ. ಹೆಚ್ಚು ಸಿಕ್ಕಾಗ ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿಟ್ಟರೆ ಬೇಸಿಗೆಯಲ್ಲಿ ಬೇಳೆಗೆ ಒಂದು ಹಿಡಿ ಹಾಕಲು ಬರುತ್ತದೆ.

ಪುಂಡಿ ಪಲ್ಯವನ್ನು ಸರಿಯಾಗಿ ಮಾಡುವುದು ಹೀಗೆ. ನಾಲ್ಕು ಮಂದಿಗೆ: ಸೋಸಿದ ಪುಂಡಿ ಎಲೆ 250 ಗ್ರಾಂ, ತೊಗರಿಬೇಳೆ ಅರ್ಧ ವಾಟಿ, ಜೋಳದ ನುಚ್ಚು 2 ದೊಡ್ಡ ಚಮಚ, ಹಸಿ ಮೆಣಸಿನಕಾಯಿ 6–8, ಬೆಳ್ಳೊಳ್ಳಿ 12 ಎಸಳು, ಶೇಂಗಾ ಅಥವಾ ಕುಸುಬಿ ಎಣ್ಣೆ 2 ದೊಡ್ಡ ಚಮಚ.

ಬೇಳೆ, ನುಚ್ಚನ್ನು ಮೊದಲು ಪೂರ್ತಿ ಬೇಯಿಸಿ. ಎಲೆಯನ್ನು ಬೇರೆ ಪಾತ್ರೆಯಲ್ಲಿ ಮೆಣಸಿನಕಾಯಿಯ ಜೊತೆ ಮೆತ್ತಗಾಗುವವರೆಗೆ, 7–8 ನಿಮಿಷ ಕುದಿಸಿ. ಹುಳಿ ಹೆಚ್ಚೆನಿಸಿದರೆ ನೀರನ್ನು ಅರ್ಧ ಬಸಿಯಿರಿ. ಆಮೇಲೆ ಎರಡನ್ನೂ ಕೂಡಿಸಿ, ಉಪ್ಪು ಹಾಕಿ, ಕಡಗೋಲಿನಿಂದ ಮಸೆದು, ಐದು ನಿಮಿಷ ಕುದಿಸಿ, ಬೆಳ್ಳೊಳ್ಳಿ-ಜೀರಿಗೆ ಒಗ್ಗರಣೆ ಕೊಡಿ. ಬೇಳೆಯನ್ನೂ ಪುಂಡಿಯನ್ನೂ ಒಟ್ಟಿಗೆ ಕುಕ್ಕರಿಗೆ ಹಾಕುವವರ ಪಲ್ಯದಲ್ಲಿ ಬೇಳೆ ಕಾಳಾಗಿಯೇ ಉಳಿಯುವುದು ಹುಳಿಯಿಂದ. ಹುಳಿ ಇರುವ ನೀರಿನಲ್ಲಿ ಬೇಳೆ ಮೆತ್ತಗಾಗುವುದಿಲ್ಲ. ಹುಣಸೆ ಚಿಗುರಿಗೂ ಟೊಮೆಟೊಗೂ ಇದೇ ಮಾತು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹ ಬಿಡುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಸ್ವಲ್ಪ ಕಬ್ಬಿಣ ಪಲ್ಯಕ್ಕೂ ಸೇರುತ್ತದೆ. ಆದರೆ ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲದಿದ್ದರೆ ಕಪ್ಪಾಗಿ ಒಗರು ರುಚಿ ಬರುತ್ತದೆ.

ನುಗ್ಗೆ ಸೊಪ್ಪನ್ನು ಒಲ್ಲೆ ಎನ್ನುವ ಮನೆಗಳಲ್ಲಿ ಅದನ್ನು ಒಂಟಿಯಾಗಿ ಮಾಡಲೇಬೇಡಿ. ಎಳೆ ಎಲೆ ಒಂದು ಹಿಡಿಯನ್ನು ಬೇಳೆ ಇಳಿಸುವ ಐದು ನಿಮಿಷ ಮೊದಲು ಹಾಕಿ, ಅಥವಾ ಹೆಚ್ಚಿ ತಾಲಿಪಟ್ಟಿನ ಹಿಟ್ಟಿಗೆ ಕಲಸಿ. ಬಲಿತ ಎಲೆ ಕಹಿ.

ಇನ್ನು ಭಜ್ಜಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಈ ಪಲ್ಯದಲ್ಲಿರುವಷ್ಟು ಬಗೆ ಬೇರೆ ಯಾವ ಅಡುಗೆಯಲ್ಲೂ ಇಲ್ಲ, ಅದನ್ನು ವರ್ಷಕ್ಕೆ ಒಂದೇ ದಿನ ಮಾಡುವುದೇಕೆ? ಚಳಿಗಾಲದ ನಾಲ್ಕು ತಿಂಗಳು ವಾರಕ್ಕೊಮ್ಮೆ ಮಾಡಬಹುದು. ಹಸಿ ತೊಗರಿ, ಹಸಿ ಕಡಲೆ, ಅವರೆ, ನೆನೆಸಿದ ಶೇಂಗಾ ಕೂಡಿ ಎರಡು ವಾಟಿ ಕಾಳನ್ನು ಮೊದಲು ಬೇಯಿಸಿ. ಗಜ್ಜರಿ, ಬದನೆಕಾಯಿ ಹೋಳು ಒಂದು ವಾಟಿ ಹಾಕಿ. ಅವು ಮುಕ್ಕಾಲು ಬೆಂದ ಮೇಲೆ ಮೆಂತೆ, ಪಾಲಕ, ಸಬ್ಬಸಗಿ, ಉಳ್ಳಾಗಡ್ಡಿ ತಪ್ಪಲು ಸೇರಿ ಹೆಚ್ಚಿದ ನಾಲ್ಕು ವಾಟಿ ಸೊಪ್ಪು ಹಾಕಿ. ಹುಣಸೆ ಹುಳಿ ಕೊನೆಗೆ, ಕಾರಣ ಮೇಲೆ ಹೇಳಿದ್ದೇ. ಎರಡು ದೊಡ್ಡ ಚಮಚ ಕಡಲೆಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ ಹುಯ್ದು, ಹಸಿ ವಾಸನೆ ಹೋಗುವವರೆಗೆ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬಿಡಿ, ತಳ ಹಿಡಿಯದಂತೆ ಆಡಿಸುತ್ತಿರಿ. ಬೆಳ್ಳೊಳ್ಳಿ ಒಗ್ಗರಣೆ ಧಾರಾಳವಾಗಿರಲಿ. ಇದೊಂದೇ ಪಾತ್ರೆಯಿಂದ ಹಾಳೆಯ ಮೇಲೆ ಎಂಟು ಹೆಸರು ಬರುತ್ತವೆ.

ಮೂತ್ರಪಿಂಡದಲ್ಲಿ ಕಲ್ಲು ಆದವರು ಪಾಲಕ, ರಾಜಗಿರಿ, ಗೋಳಿ, ಪುಂಡಿಯಂಥ ಆಕ್ಸಲೇಟ್ ಹೆಚ್ಚಿರುವ ಸೊಪ್ಪನ್ನು ವೈದ್ಯರನ್ನು ಕೇಳಿ ತಿನ್ನಬೇಕು. ಕುದಿಸಿ ನೀರು ಬಸಿದರೆ ಆಕ್ಸಲೇಟ್ ಒಂದಿಷ್ಟು ಕಡಿಮೆಯಾಗುತ್ತದೆ. ರಕ್ತ ತೆಳುವಾಗಲು ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಹೆಚ್ಚಿಸಬಾರದು. ಸೊಪ್ಪಿನ ವಿಟಮಿನ್ ಕೆ ಆ ಔಷಧಿಯ ವಿರುದ್ಧ ಕೆಲಸ ಮಾಡುತ್ತದೆ.

ಹಂತ 4: ಹಣ್ಣು, ನಿಂಬೆ, ಮತ್ತು ಊಟದ ಮೇಲಿನ ಚಹಾ

ಸಜ್ಜೆ, ಕಾಳು, ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಕಡಿಮೆ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೆ ಹೆಚ್ಚುತ್ತದೆ. ಪೇರಲ ಹಣ್ಣಿನ 100 ಗ್ರಾಂನಲ್ಲಿ 200 ಮಿಲಿಗ್ರಾಂ ಸುತ್ತಮುತ್ತ ವಿಟಮಿನ್ ಸಿ ಇದೆ, ಕಿತ್ತಳೆಗಿಂತ ನಾಲ್ಕು ಪಟ್ಟು. ಊಟದ ಜೊತೆ ಅರ್ಧ ಪೇರಲ, ಇಲ್ಲವೆ ಉಸುಳಿಯ ಮೇಲೆ ಅರ್ಧ ನಿಂಬೆ. ನಿಂಬೆಯನ್ನು ಒಲೆ ಆರಿಸಿದ ಮೇಲೆ ಹಿಂಡಿ, ಕುದಿಸಿದರೆ ವಿಟಮಿನ್ ಸಿ ಹಾಳಾಗುತ್ತದೆ. ಬಾರಿಹಣ್ಣು, ಸೀತಾಫಲ, ನೇರಳೆ, ನೆಲ್ಲಿಕಾಯಿ ಋತುವಿಗೆ ತಕ್ಕಂತೆ ಬರಲಿ.

ಉಂಡು ಕೈ ತೊಳೆದ ಕೂಡಲೇ ಚಹಾ ಕುಡಿಯುವುದು ಇದೆಲ್ಲದರ ಮೇಲೆ ನೀರು ಹುಯ್ಯುತ್ತದೆ. ಚಹಾದ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಚಹಾ ಬಿಡಬೇಕಿಲ್ಲ, ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇರಲಿ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಆದರೆ ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಯನ್ನು ಪೇರಲ ಹಣ್ಣಿನ ಭರವಸೆಯ ಮೇಲೆ ನಿಲ್ಲಿಸಬಾರದು.

ಹಂತ 5: ಗಿರಣಿಯ ಚೀಲ

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳದ ರೊಟ್ಟಿ ಉಣ್ಣುವವರು ಆ ಸಾಲಿನಲ್ಲಿ ಮೊದಲಿನಿಂದಲೂ ಇದ್ದಾರೆ. ಹಾಗಾಗಿ ಜೋಳವನ್ನು ತೆಗೆಯುವ ಪ್ರಶ್ನೆಯೇ ಇಲ್ಲ, ಅದಕ್ಕೆ ಕೂಡಿಸುವುದು ಮಾತ್ರ.

ಹಿಟ್ಟಿಗೆ ಹತ್ತು ಧಾನ್ಯ ಬೆರೆಸುವ 'ಮಲ್ಟಿಗ್ರೇನ್' ಹುಚ್ಚಿಗೆ ಬೀಳಬೇಡಿ, ರೊಟ್ಟಿ ಬಡಿಯಲು ಬರುವುದಿಲ್ಲ. ಜೋಳದಲ್ಲಿ ಗೋಧಿಯಂತೆ ಹಿಡಿದಿಡುವ ಅಂಟಿಲ್ಲ, ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಬೆಂದು ಬರುವ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ಬೇರೆ ಹಿಟ್ಟು ಹೆಚ್ಚಾದಷ್ಟೂ ಆ ಜಿಗಿ ಕಡಿಮೆಯಾಗಿ ಅಂಚು ಸೀಳುತ್ತದೆ. ಎರಡೇ ಮಿಶ್ರಣ ಸಾಕು. ಒಂದು, 4 ಕಿಲೋ ಜೋಳಕ್ಕೆ 1 ಕಿಲೋ ಸಜ್ಜೆ. ಇನ್ನೊಂದು, 1 ಕಿಲೋ ಜೋಳಕ್ಕೆ 100 ಗ್ರಾಂ ಉದ್ದಿನಬೇಳೆ. ಉದ್ದು ಪ್ರೋಟೀನನ್ನೂ ಕೂಡಿಸುತ್ತದೆ, ಜಿಗಿಯನ್ನೂ ಕೊಡುತ್ತದೆ. ಹಳೆ ಜೋಳದ ಹಿಟ್ಟು ಬಿರಿಯುವ ಮನೆಗಳಿಗೆ ಇದೇ ಮದ್ದು. ಬೀದರ್ ಕಡೆ ಸೋಯಾ ಬೆಳೆಯುವ ಮನೆಗಳಲ್ಲಿ ಹಸಿ ಸೋಯಾ ಕಾಳನ್ನು ಗಿರಣಿಗೆ ಹಾಕುವುದುಂಟು. ಅದು ಬೇಡ. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶವಿದೆ, ಹಸಿ ನಾತವೂ ರೊಟ್ಟಿಗೆ ಬರುತ್ತದೆ. ಕುದಿಸಿ ಒಣಗಿಸಿದ ಮೇಲೆ ಮಾತ್ರ ಬೀಸಿಸಿ.

ಸಜ್ಜೆ ಹಿಟ್ಟಿನ ಶತ್ರು ಕಹಿ. ಸಜ್ಜೆಯಲ್ಲಿ ಎಣ್ಣೆಯಂಶ ಜೋಳಕ್ಕಿಂತ ಹೆಚ್ಚು, ಬೀಸಿದ ಕೂಡಲೇ ಕಾಳಿನೊಳಗಿನ ಕಿಣ್ವ ಆ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ. ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಎಂಟು-ಹತ್ತು ದಿನಕ್ಕಾಗುವಷ್ಟೇ ಬೀಸಿಸಿ. ಸಜ್ಜೆ ಸೇರಿಸಿದ ಜೋಳದ ಹಿಟ್ಟಿಗೂ ಇದೇ ಲೆಕ್ಕ, ಆದ್ದರಿಂದ 5 ಕಿಲೋ ಖರ್ಚಾಗದ ಮನೆಯವರು ಅದೇ ಪಾಲಿನಲ್ಲಿ ಕಡಿಮೆ ಒಯ್ಯಿರಿ. ಗಿರಣಿಗೆ ಪದೇ ಪದೇ ಹೋಗಲು ಆಗದವರು ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಬೀಸಿಸಬಹುದು. ಬಿಸಿಗೆ ಕಿಣ್ವ ಸತ್ತು ಹಿಟ್ಟು ಹೆಚ್ಚು ದಿನ ತಾಳುತ್ತದೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಚಳಿಗಾಲವಿಡೀ ವಾರಕ್ಕೆರಡು ಸಲ ಮಾಡಿ. ಕಡಕ್ ಮಾಡಿ ಇಟ್ಟರೆ ದಿನಗಟ್ಟಲೆ ಉಳಿಯುತ್ತದೆ. ಥೈರಾಯ್ಡ್ ತೊಂದರೆ ಇರುವವರು ಸಜ್ಜೆಯನ್ನೇ ದಿನನಿತ್ಯದ ಮುಖ್ಯ ಧಾನ್ಯ ಮಾಡಿಕೊಳ್ಳದಿರುವುದು ಒಳ್ಳೆಯದು.

ಕೃಷ್ಣೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸುರಪುರ, ಶಹಾಪುರ ಕಡೆಯ ಅನ್ನದ ಮನೆಗಳಿಗೆ ನವಣೆ ಸುಲಭ. ಮೂರು ಸಲ ತೊಳೆದು ಅರ್ಧ ತಾಸು ನೆನೆಸಿ, 1 ವಾಟಿಗೆ ಎರಡೂವರೆ ವಾಟಿ ನೀರಿನಲ್ಲಿ 12–15 ನಿಮಿಷ ಬೇಯಿಸಿ, ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ನೆನೆಸದಿದ್ದರೆ ಹೊರಗೆ ಮುದ್ದೆ, ಒಳಗೆ ಗಟ್ಟಿ. ಅನ್ನವಾದ ಮೇಲೆ ಅಕ್ಕಿ ಅನ್ನಕ್ಕೆ ಮೂರರಲ್ಲಿ ಒಂದು ಪಾಲು ಕಲಸಿ ಬಡಿಸಿದರೆ ಬಹಳ ಜನಕ್ಕೆ ಗೊತ್ತೂ ಆಗುವುದಿಲ್ಲ. ನವಣೆ, ಜೋಳ ಎಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರು ಬೇಕಾದಷ್ಟು ಉಣ್ಣಬಹುದು ಎಂದಲ್ಲ. ಅವೂ ಪಿಷ್ಟವೇ, ಪ್ರಮಾಣ ನೋಡಿಯೇ ಬಡಿಸಿಕೊಳ್ಳಬೇಕು.

ಬೇಸಿಗೆಯ ಮಧ್ಯಾಹ್ನಕ್ಕೆ ಅಂಬಲಿ. 2 ದೊಡ್ಡ ಚಮಚ ಜೋಳದ ಹಿಟ್ಟನ್ನು ಅರ್ಧ ವಾಟಿ ತಣ್ಣೀರಿನಲ್ಲಿ ಕಲಸಿ, ಕುದಿಯುವ 3 ವಾಟಿ ನೀರಿಗೆ ಹುಯ್ದು 6–7 ನಿಮಿಷ ಆಡಿಸಿ. ಆರಿದ ಮೇಲೆ 1 ವಾಟಿ ಮಜ್ಜಿಗೆ, ಉಪ್ಪು, ಜೀರಿಗೆ, ಜಜ್ಜಿದ ಬೆಳ್ಳೊಳ್ಳಿ. ಒಣ ಹಿಟ್ಟನ್ನೇ ಬಿಸಿ ನೀರಿಗೆ ಸುರಿದರೆ ಗಂಟು ಖಂಡಿತ.

ಇವು ಯಾವುವೂ ಕೊಡದ ಒಂದು ವಿಟಮಿನ್

ಬಿ12 ಗಿಡದ ಆಹಾರದಲ್ಲಿ ಸಿಗುವುದಿಲ್ಲ. ಅಗಸಿ, ನುಗ್ಗೆ, ಮೊಳಕೆ ಎಷ್ಟು ತಿಂದರೂ ಅದು ಬಾರದು. ಮಾಂಸ-ಮೊಟ್ಟೆ ಮುಟ್ಟದ ಮನೆಗಳಲ್ಲಿ ಹಾಲು, ಮೊಸರು, ಮಜ್ಜಿಗೆಯೇ ಅದರ ಮೂಲ, ದಿನದ 300 ಮಿಲಿಯನ್ನು ತಪ್ಪಿಸಬೇಡಿ. ತತ್ತಿ ತಿನ್ನುವವರಿಗೆ ಅದೂ ಒಂದು ದಾರಿ. ಕೈಕಾಲು ಜೋಮು ಹಿಡಿಯುವುದು, ಬಿಡದ ಸುಸ್ತು ಇದ್ದರೆ ಅಡುಗೆ ಬದಲಿಸುತ್ತಾ ಕೂರದೆ ರಕ್ತ ಪರೀಕ್ಷೆ ಮಾಡಿಸಿ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಕಾಳು-ಬೀಜದ ಮೇಲಿನ ಅಳತೆಗಳು ಅನ್ವಯಿಸುವುದಿಲ್ಲ. ಅವರ ಪಟ್ಟಿಯನ್ನು ವೈದ್ಯರೇ ಬರೆಯಬೇಕು.

ಶಾಲೆಯ ಡಬ್ಬಿಗೆ ಬೇರೆ ಅಡುಗೆ ಮಾಡುವ ಅಗತ್ಯವಿಲ್ಲ. ಬಿಸಿ ರೊಟ್ಟಿಯನ್ನು ಬೆಳ್ಳೊಳ್ಳಿ, ಜೀರಿಗೆ, ಸ್ವಲ್ಪ ತುಪ್ಪದ ಜೊತೆ ಕುಟ್ಟಿ ಮುಟಗಿ ಮಾಡಿ, ಖಾರದ ಜಾಗಕ್ಕೆ ಒಂದು ಚಮಚ ಅಗಸಿ ಹಿಂಡಿ ಹಾಕಿ, ಪಕ್ಕದ ಡಬ್ಬಿಯಲ್ಲಿ ನಾಲ್ಕು ಹೋಳು ಪೇರಲ ಇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ಹಿಂಡಿಯನ್ನೋ ಪುಡಿ ಮಾಡಿ ಬೆಲ್ಲ ಸೇರಿಸಿದ ಉಂಡೆಯನ್ನೋ ಕೊಡಿ.